ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದ ಬೆಲೆ

2024ರ ಜೂನ್ ಕೊನೆಯ ವಾರ ಭಾವ ಹಾಸನದ ಕಾರು ಶೋರೂಮೊಂದರಿಂದ ಹೊರಬಂದು ನನಗೊಂದು ಫೋಟೊ ಕಳುಹಿಸಿದರು. ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ ‘ಆನ್ ರೋಡ್ 11,84,500’ ಎಂದು ಬರೆದಿತ್ತು. ಅದರ ಕೆಳಗೆ 20,000 ಕಳೆದು, ಎರಡು ಗೆರೆ ಎಳೆದು, 11,64,500. ಇಷ್ಟೇ. ಯಾವ ಬಾಬ್ತಿಗೆ ಎಷ್ಟು ಎಂಬ ಸುಳಿವೇ ಇಲ್ಲ. ‘ಇಪ್ಪತ್ತು ಸಾವಿರ ಬಿಡಿಸಿದ್ದೇನೆ, ಇನ್ನೊಂದೈದು ಬಿಟ್ಟರೆ ಮುಗಿಸೋಣ’ ಎಂದು ಭಾವ ಹೇಳಿದರು. ದನಿಯಲ್ಲಿ ಗೆದ್ದ ಸಂತೋಷವಿತ್ತು.

ಅವರನ್ನು ತಪ್ಪು ಎನ್ನುವ ಹಾಗಿಲ್ಲ. ಅವರ ತಂದೆ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಎತ್ತು ಕೊಂಡು ಮಾರಿದವರು. ಅಲ್ಲಿನ ವ್ಯಾಪಾರ ಟವೆಲ್ಲಿನ ಅಡಿಯಲ್ಲಿ ನಡೆಯುತ್ತಿತ್ತು. ಇಬ್ಬರ ಕೈ ಬಟ್ಟೆಯ ಮರೆಯಲ್ಲಿ, ಬೆರಳು ಹಿಡಿದು ಒತ್ತಿದರೆ ಅದೇ ಬೆಲೆ, ಪಕ್ಕದಲ್ಲಿ ನಿಂತವನಿಗೆ ಏನೂ ತಿಳಿಯದು. ಎತ್ತಿನ ವ್ಯಾಪಾರಕ್ಕೆ ಅದು ಸರಿಯೇ, ಏಕೆಂದರೆ ಒಂದರಂತೆ ಇನ್ನೊಂದು ಎತ್ತು ಇರುವುದಿಲ್ಲ. ಆದರೆ ಒಂದೇ ಕಂಪನಿಯ, ಒಂದೇ ಮಾದರಿಯ, ಒಂದೇ ಬಣ್ಣದ ಕಾರನ್ನು ಐದು ಊರುಗಳಲ್ಲಿ ಐವರು ಮಾರುತ್ತಿರುವಾಗ ಟವೆಲ್ ಯಾಕೆ ಬೇಕು? ಮುಂದಿನ ಐದು ವಾರ ನಾನು ಮಾಡಿದ್ದು, ಬೆಂಗಳೂರಿನ ನನ್ನ ಮೇಜಿನ ಮುಂದೆ ಕುಳಿತು ಫೋನು, ಇ-ಮೇಲ್, ವಾಟ್ಸ್‌ಆ್ಯಪ್‌ಗಳಲ್ಲಿ ಆ ಟವೆಲ್ಲನ್ನು ಎಳೆಯುವ ಕೆಲಸ. ಅದು ಪೂರ್ತಿ ನಾನು ಅಂದುಕೊಂಡಂತೆ ನಡೆಯಲಿಲ್ಲ.

ಕಾರಿನ ಕಂಪನಿಯ ಹೆಸರು ಇಲ್ಲಿ ಬೇಡ. 1.2 ಲೀಟರಿನ ಪೆಟ್ರೋಲ್ ಎಂಜಿನ್, ನಾಲ್ಕು ಮೀಟರಿಗಿಂತ ಕಡಿಮೆ ಉದ್ದ, ಆಟೊಮ್ಯಾಟಿಕ್ ಗೇರು. ಅಕ್ಕ ಪ್ರೌಢಶಾಲೆಯ ಶಿಕ್ಷಕಿ, ದಿನವೂ ಚನ್ನರಾಯಪಟ್ಟಣದಿಂದ ಹೋಗಿ ಬರುವವಳು. ಕ್ಲಚ್ ತುಳಿದು ಮೊಣಕಾಲು ನೋವು ಬಂದಿದ್ದರಿಂದ ಗೇರಿನ ವಿಷಯದಲ್ಲಿ ರಾಜಿ ಇರಲಿಲ್ಲ. ಎಕ್ಸ್ ಶೋರೂಮ್ ಬೆಲೆ, ಅಂದರೆ ರಸ್ತೆ ತೆರಿಗೆ, ವಿಮೆ ಇತ್ಯಾದಿ ಸೇರದ ಬೆಲೆ, 9,42,000.

ನನ್ನ ಮೊದಲ ಹೆಜ್ಜೆಯೇ ತಪ್ಪಾಗಿತ್ತು. ಒಂದು ಶುಕ್ರವಾರ ರಾತ್ರಿ ಕಂಪನಿಯ ಜಾಲತಾಣದಲ್ಲಿ ‘ಬೆಲೆ ತಿಳಿಯಿರಿ’ ಎಂಬ ಅರ್ಜಿ ತುಂಬಿದೆ. ಕಾರು ಮಾರುವ ಇನ್ನೆರಡು ತಾಣಗಳಲ್ಲೂ ಅದೇ ನಂಬರ್ ಕೊಟ್ಟೆ. ಶನಿವಾರ ಮಧ್ಯಾಹ್ನದೊಳಗೆ ಹದಿನೇಳು ಕರೆಗಳು. ಒಬ್ಬರು 11.52 ಎಂದರು, ಇನ್ನೊಬ್ಬರು 11.71, ಮತ್ತೊಬ್ಬರು ‘ನೀವು ಬನ್ನಿ ಸರ್, ಬೆಲೆ ನಮ್ಮ ಕೈಯಲ್ಲಿದೆ’ ಎಂದರು. ಬರೆದುಕೊಂಡ ಹಾಳೆ ನೋಡಿದರೆ ಒಂದಕ್ಕೊಂದು ತಾಳೆಯಿಲ್ಲ. ಒಬ್ಬರ ಲೆಕ್ಕದಲ್ಲಿ ವಿಸ್ತರಿತ ವಾರಂಟಿ ಇದೆ, ಇನ್ನೊಬ್ಬರದರಲ್ಲಿ ಇಲ್ಲ. ಒಬ್ಬರ ವಿಮೆ ಜೀರೊ ಡೆಪ್ರಿಸಿಯೇಶನ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ರಕ್ಷಣೆ) ಸಹಿತ, ಇನ್ನೊಬ್ಬರದು ಬರಿಯ ವಿಮೆ. ಹಾಗಿದ್ದ ಮೇಲೆ ಯಾವುದು ಅಗ್ಗ, ಯಾವುದು ದುಬಾರಿ ಎಂದು ಹೇಳುವುದು ಹೇಗೆ?

ಆಮೇಲೆ ಕರೆಗಳನ್ನೆಲ್ಲ ನಿಲ್ಲಿಸಿ ಒಂದೇ ಒಕ್ಕಣೆಯ ಸಂದೇಶ ಸಿದ್ಧಪಡಿಸಿದೆ. ಹಾಸನ, ಮೈಸೂರು, ತುಮಕೂರು ಒಂದೊಂದು, ಬೆಂಗಳೂರು ಎರಡು, ಹೀಗೆ ಐದು ಶೋರೂಮುಗಳಿಗೆ ಕಳುಹಿಸಿದೆ. ಅದರಲ್ಲಿ ಇದ್ದದ್ದು ಇಷ್ಟು:

‘ನಮಸ್ಕಾರ. ಈ ಮಾದರಿ, ಬೂದು ಅಥವಾ ಬೆಳ್ಳಿ ಬಣ್ಣ, ಹಾಸನ ಆರ್‌ಟಿಒ ನೋಂದಣಿ. ಇದೇ ತಿಂಗಳು ಬುಕ್ ಮಾಡುತ್ತೇವೆ. ಎಕ್ಸ್ ಶೋರೂಮ್, ರಸ್ತೆ ತೆರಿಗೆ, ನೋಂದಣಿ ಶುಲ್ಕ, ವಿಮೆ (ವಿಮಾ ಮೌಲ್ಯ ಎಷ್ಟು, ಯಾವ ಹೆಚ್ಚುವರಿ ರಕ್ಷಣೆಗಳು ಎಂಬುದರ ಸಮೇತ), ಫಾಸ್ಟ್ಯಾಗ್, ವಿಸ್ತರಿತ ವಾರಂಟಿ, ಬಿಡಿ ಪರಿಕರಗಳು, ಬೇರೆ ಏನಾದರೂ ಶುಲ್ಕವಿದ್ದರೆ ಅದು, ಪ್ರತಿಯೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ತಿಳಿಸಿ. ರಿಯಾಯಿತಿ ಯಾವ ಷರತ್ತಿನ ಮೇಲೆ ಎಂಬುದನ್ನೂ ಬರೆಯಿರಿ. ನಾಲ್ಕು ಬೇರೆ ಶೋರೂಮುಗಳಿಗೂ ಇದೇ ಸಂದೇಶ ಕಳುಹಿಸಿದ್ದೇನೆ. ದಯವಿಟ್ಟು ಕರೆ ಮಾಡಬೇಡಿ, ಬರಹದಲ್ಲೇ ಉತ್ತರಿಸಿ.’

ಕೊನೆಯ ಎರಡು ವಾಕ್ಯಗಳನ್ನು ಹಾಕಲು ನನಗೆ ಸಂಕೋಚವಾಗಿತ್ತು. ಆದರೆ ಕೆಲಸ ಮಾಡಿದ್ದು ಅವೇ. ತುಮಕೂರಿನವರು ‘ಒಮ್ಮೆ ಶೋರೂಮಿಗೆ ಬನ್ನಿ ಸರ್, ಕಾಫಿ ಕುಡಿಯುತ್ತಾ ಮಾತಾಡೋಣ’ ಎಂದು ಮೂರು ಸಲ ಬರೆದು ಸುಮ್ಮನಾದರು. ಉಳಿದ ನಾಲ್ವರಿಂದ ಬರಹ ಬಂತು. ಬೆಂಗಳೂರಿನ ಒಬ್ಬರು ಒಂದೇ ಮೊತ್ತ ಬರೆದರು. ಇನ್ನೊಬ್ಬರು ಮತ್ತು ಮೈಸೂರಿನವರು ಮುದ್ರಿತ ಕೊಟೇಶನ್ ಹಾಳೆಯ ಫೋಟೊ ಕಳುಹಿಸಿದರು. ಕೇಳಿದ ಪ್ರತಿ ಸಾಲಿಗೂ ಉತ್ತರ ಬರೆದವರು ಹಾಸನದ ಶೋರೂಮಿನ ಒಬ್ಬ ಯುವತಿ ಮಾತ್ರ. ಭಾವನಿಗೆ ಕಾರ್ಡಿನ ಹಿಂದೆ ಬೆಲೆ ಬರೆದುಕೊಟ್ಟ ಅದೇ ಶೋರೂಮು.

ಆ ಉತ್ತರದಿಂದ 11,84,500ರ ಹೊಟ್ಟೆಯಲ್ಲಿ ಏನಿತ್ತೆಂದು ತಿಳಿಯಿತು. ಎಕ್ಸ್ ಶೋರೂಮ್ 9,42,000, ರಸ್ತೆ ತೆರಿಗೆ 1,46,400, ವಿಮೆ 52,800, ‘ನೋಂದಣಿ ಮತ್ತು ಸೇವೆ’ 8,500, ‘ಹ್ಯಾಂಡ್ಲಿಂಗ್’ 7,500, ‘ಎಸೆನ್ಶಿಯಲ್ ಕಿಟ್’ 14,900, ವಿಸ್ತರಿತ ವಾರಂಟಿ 11,800, ಫಾಸ್ಟ್ಯಾಗ್ 600.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಚೌಕಾಸಿ ಎಲ್ಲಿ ಸಾಧ್ಯ, ಎಲ್ಲಿ ಅಸಾಧ್ಯ ಎಂಬುದು ಈ ಸಾಲುಗಳಲ್ಲೇ ಇದೆ. ಎಕ್ಸ್ ಶೋರೂಮ್ ಬೆಲೆ ವಿವರ ಬಂದ ಮೂರು ಕೊಟೇಶನ್ನುಗಳಲ್ಲೂ ರೂಪಾಯಿ ವ್ಯತ್ಯಾಸವಿಲ್ಲದೆ ಒಂದೇ ಇತ್ತು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ 14. ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್. ಎರಡೂ ಸೇರಿ ಶೇ 15.54. ಅದು ಸರ್ಕಾರದ ಲೆಕ್ಕ, ಅಲ್ಲಿ ಯಾರ ಮಾತೂ ನಡೆಯುವುದಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಕಡ್ಡಾಯ. 2018ರ ಸೆಪ್ಟೆಂಬರಿನಿಂದ ಸುಪ್ರೀಂ ಕೋರ್ಟಿನ ಆದೇಶದಂತೆ ಬಂದ ನಿಯಮ ಅದು. 1,000ದಿಂದ 1,500 ಸಿಸಿಯ ಕಾರಿಗೆ ಅದರ ಕಂತು 10,640, ಮೇಲೆ ಶೇ 18 ಜಿಎಸ್‌ಟಿ. ಇದೂ ಎಲ್ಲ ಕಂಪನಿಗಳಲ್ಲಿ ಒಂದೇ. ನೋಂದಣಿ ಶುಲ್ಕ 600, ಸಾಲವಿದ್ದರೆ ಅದರ ನಮೂದಿಗೆ 1,500, ನೋಂದಣಿ ಕಾರ್ಡಿಗೆ 200. ಇವಿಷ್ಟನ್ನು ಕೂಡಿದರೆ ಸುಮಾರು 11,03,000. ಅಂದರೆ 11.84 ಲಕ್ಷದಲ್ಲಿ ಮಾತಾಡಲು ಜಾಗವಿದ್ದದ್ದು 81,000ದಲ್ಲಿ ಮಾತ್ರ, ಮತ್ತು ಕಂಪನಿಯೋ ಡೀಲರೋ ಕೊಡುವ ರಿಯಾಯಿತಿಯಲ್ಲಿ. ಭಾವ ಹನ್ನೊಂದು ಲಕ್ಷದ ಜೊತೆ ಕುಸ್ತಿಗಿಳಿದಿದ್ದರು. ಎದುರಾಳಿ ಇದ್ದದ್ದು ಈ 81,000ದೊಳಗೆ.

(ಇವು 2024ರ ಅಂಕಿಗಳು. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿರುವುದರಿಂದ ಈಗ ಕೊಳ್ಳುವವರ ಮೊತ್ತ ಬೇರೆ ಇರುತ್ತದೆ. ಸಾಲುಗಳು ಮಾತ್ರ ಇವೇ.)

ನಡುವೆ ಇನ್ನೊಂದು ಆಮಿಷ ಬಂತು. ಬೆಂಗಳೂರಿನ ಒಬ್ಬರು ‘ಕೇವಲ 76,000 ಹೆಚ್ಚು ಹಾಕಿದರೆ ಮೇಲಿನ ಮಾದರಿಯೇ ಸಿಗುತ್ತದೆ, ಸನ್‌ರೂಫ್ ಇದೆ’ ಎಂದು ಬರೆದರು. ಅದರ ಎಕ್ಸ್ ಶೋರೂಮ್ 10,18,000. ಹತ್ತು ಲಕ್ಷ ದಾಟಿದೊಡನೆ ತೆರಿಗೆ ಶೇ 17. ಅದೂ ದಾಟಿದ ಹದಿನೆಂಟು ಸಾವಿರಕ್ಕಲ್ಲ, ಇಡೀ ಬೆಲೆಗೆ. ಸೆಸ್ ಸೇರಿ 1,92,100. ಅಂದರೆ ತೆರಿಗೆಯಲ್ಲೇ 45,700 ಹೆಚ್ಚು. ಮೇಲೆ ಶೇ 1ರ ಟಿಸಿಎಸ್ (ಮಾರುವವರು ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) 10,180. ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಕೈಯಿಂದ ಮೊದಲು ಹೋಗುತ್ತದೆ. ಅವರ ‘ಕೇವಲ 76,000’ ನಿಜದಲ್ಲಿ 1,30,000ಕ್ಕೂ ಹೆಚ್ಚು. ಸನ್‌ರೂಫ್ ತೆರೆದು ಅಕ್ಕ ನೋಡಬೇಕಾದದ್ದು ಚನ್ನರಾಯಪಟ್ಟಣದ ಬಿಸಿಲನ್ನೇ ತಾನೆ. ಅವಳೇ ಬೇಡ ಎಂದಳು.

ಹೆಚ್ಚು ಹೊತ್ತು ಹಿಡಿದದ್ದು ವಿಮೆ. ವಿಮಾ ಕಂಪನಿಗಳ ತಾಣಗಳಲ್ಲಿ ಅದೇ ವಿಮಾ ಮೌಲ್ಯ, ಅದೇ ಜೀರೊ ಡೆಪ್ರಿಸಿಯೇಶನ್, ಅದೇ ಎಂಜಿನ್ ರಕ್ಷಣೆ ಹಾಕಿ ನೋಡಿದರೆ 37,000ದ ಆಸುಪಾಸು ತೋರಿಸುತ್ತಿತ್ತು. ಶೋರೂಮಿನಲ್ಲಿ 52,800. ಹೊರಗಿನಿಂದ ಮಾಡಿಸುತ್ತೇವೆ ಎಂದರೆ ಎಲ್ಲ ಕಡೆಯಿಂದ ಒಂದೇ ಉತ್ತರ: ‘ಹೊರಗಿನ ವಿಮೆಗೆ ನಮ್ಮ ವರ್ಕ್‌ಶಾಪಿನಲ್ಲಿ ಕ್ಯಾಶ್‌ಲೆಸ್ ಆಗುವುದಿಲ್ಲ.’ ಅಂದರೆ ರಿಪೇರಿಯ ಹಣವನ್ನು ಮೊದಲು ನಾವೇ ಕೊಟ್ಟು ಆಮೇಲೆ ವಿಮಾ ಕಂಪನಿಯಿಂದ ಪಡೆಯಬೇಕು. ಇದು ಅರ್ಧ ಸತ್ಯ. ಕ್ಯಾಶ್‌ಲೆಸ್ ನಿಂತಿರುವುದು ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಇರುವ ಒಪ್ಪಂದದ ಮೇಲೆ. ಪಾಲಿಸಿಯನ್ನು ಯಾರ ಮೂಲಕ ಕೊಂಡಿರಿ ಎಂಬುದರ ಮೇಲಲ್ಲ. ಡೀಲರು ತನ್ನಲ್ಲೇ ವಿಮೆ ಮಾಡಿಸಬೇಕೆಂದು ಗ್ರಾಹಕನನ್ನು ಬಲವಂತ ಮಾಡುವ ಹಾಗೂ ಇಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಹಾಗಿದೆ.

ಆದರೆ ನಿಯಮ ಗೊತ್ತಿದ್ದ ಮಾತ್ರಕ್ಕೆ ದಾರಿ ಸುಲಭವಾಗಲಿಲ್ಲ. ಹೊರಗೆ ಪಾಲಿಸಿ ಕೊಳ್ಳಲು ಕಾರಿನ ಚಾಸಿ ಮತ್ತು ಎಂಜಿನ್ ಸಂಖ್ಯೆ ಬೇಕು. ಅವನ್ನು ಶೋರೂಮಿನವರು ಕೊಡುವುದು ಬುಕಿಂಗ್ ಆಗಿ, ನಮ್ಮ ಹೆಸರಿಗೆ ಒಂದು ಕಾರು ನಿಗದಿಯಾದ ಮೇಲೆ. ಅಷ್ಟು ಹೊತ್ತಿಗೆ ನಮ್ಮ ಹಣ ಅವರ ಕೈಯಲ್ಲಿ ಇರುತ್ತದೆ. ಹಾಗಾಗಿ ನಾನು ಹೊರಗಿನ ಕೊಟೇಶನ್ನಿನ ಚಿತ್ರ ಕಳುಹಿಸಿ, ‘ಇದೇ ರಕ್ಷಣೆಗಳೊಂದಿಗೆ ನಿಮ್ಮಲ್ಲಿ ಎಷ್ಟಾಗುತ್ತದೆ’ ಎಂದಷ್ಟೇ ಕೇಳಿದೆ. ಎರಡು ದಿನದಲ್ಲಿ ಹಾಸನದಿಂದ 38,400 ಬಂತು. ಮೈಸೂರಿನಿಂದ 36,200 ಬಂದಾಗ ಖುಷಿಪಟ್ಟೆ. ಆಮೇಲೆ ನೋಡಿದರೆ ಎಂಜಿನ್ ರಕ್ಷಣೆಯನ್ನು ಮೆಲ್ಲಗೆ ಕೈಬಿಟ್ಟಿದ್ದರು. ಸೇರಿಸಿದರೆ ಹಾಸನದಷ್ಟೇ.

ಹಾಸನದ ಆ ಯುವತಿ ಒಂದು ಸಂಜೆ ತಾನೇ ಕರೆ ಮಾಡಿದಳು. ‘ಕರೆ ಬೇಡ ಅಂದಿದ್ದೀರಿ ಸರ್, ಕ್ಷಮಿಸಿ. ವಿಮೆಯನ್ನೂ ಕಿಟ್ಟನ್ನೂ ಎರಡನ್ನೂ ತೆಗೆದುಬಿಟ್ಟರೆ ನನ್ನ ಲೆಕ್ಕಕ್ಕೆ ಈ ಕಾರಿನಿಂದ ಏನೂ ಬರುವುದಿಲ್ಲ. ವಿಮೆ ನಮ್ಮಲ್ಲೇ ಇರಲಿ, ಬೆಲೆ ನಾನು ಮ್ಯಾನೇಜರ್ ಹತ್ತಿರ ಮಾತಾಡುತ್ತೇನೆ.’ ಐದು ವಾರದಲ್ಲಿ ನಾನು ಕೇಳಿದ ಅತ್ಯಂತ ನೇರವಾದ ಮಾತು ಅದು. ಕಾರು ಮಾರಿದ್ದರಿಂದ ಬರುವುದಕ್ಕಿಂತ ಕಾರಿನ ಜೊತೆ ಹೋಗುವ ವಿಮೆ, ಸಾಲ, ಪರಿಕರಗಳಿಂದ ಇವರಿಗೆ ಹೆಚ್ಚು ಸಿಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದವರು ಅವಳೊಬ್ಬಳೇ. ಅಂದಿನಿಂದ ನಾನು ಅವಳ ಪಕ್ಷಪಾತಿಯಾದೆ ಎಂದು ಒಪ್ಪಿಕೊಳ್ಳುತ್ತೇನೆ.

ಕಿಟ್ ಎಂದರೆ ಏನೆಂದು ಕೇಳಿದಾಗ ಪಟ್ಟಿ ಬಂತು: ಮ್ಯಾಟು, ಮಡ್ ಫ್ಲ್ಯಾಪು, ಬಾಗಿಲಿಗೆ ಕ್ರೋಮ್ ಪಟ್ಟಿ, ಒಂದು ಪೆಟ್ಟಿಗೆ ಟಿಶ್ಯೂ, ಮತ್ತು 6,500 ರೂಪಾಯಿಯ ಬಣ್ಣದ ಲೇಪನ. ಮ್ಯಾಟು ಬಿಟ್ಟು ಮಿಕ್ಕದ್ದು ಬೇಡವೆಂದೆ. ಹ್ಯಾಂಡ್ಲಿಂಗ್ ಬಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಈ 7,500ಕ್ಕೆ ರಸೀತಿ ಯಾವ ಬಾಬ್ತಿನಲ್ಲಿ ಬರುತ್ತದೆ?’ ಮರುದಿನದ ಹಾಳೆಯಲ್ಲಿ ಆ ಸಾಲೇ ಇರಲಿಲ್ಲ. ವಾದ ಮಾಡಬೇಕಾಗಲೇ ಇಲ್ಲ.

ಸಾಲದ ಕಥೆ ಚಿಕ್ಕದು. ಆರು ಲಕ್ಷ, ಐದು ವರ್ಷ. ತಮ್ಮ ಮೂಲಕ ಸಾಲ ಪಡೆದರೆ ಇನ್ನೂ 8,000 ಬಿಡುತ್ತೇವೆ ಎಂದು ಮೈಸೂರಿನವರು ಹೇಳಿದರು. ಬಡ್ಡಿ ಶೇ 9.75. ಅಕ್ಕನ ಸಂಬಳದ ಖಾತೆಯಿರುವ ಬ್ಯಾಂಕು ಶೇ 9ಕ್ಕೆ ಕೊಡುತ್ತಿತ್ತು. ತಿಂಗಳಿಗೆ ಸುಮಾರು 220 ರೂಪಾಯಿ ವ್ಯತ್ಯಾಸ, ಅರುವತ್ತು ತಿಂಗಳಿಗೆ 13,000 ದಾಟುತ್ತದೆ. ಎಂಟು ಕೊಟ್ಟು ಹದಿಮೂರು ಪಡೆಯುವ ಉಡುಗೊರೆ.

ಹಳೆಯ ಕಾರನ್ನು ಎಕ್ಸ್‌ಚೇಂಜಿಗೆ ಕೊಡಲಿಲ್ಲ. ಶೋರೂಮು ಕಟ್ಟಿದ ಬೆಲೆ 1,35,000, ಜೊತೆಗೆ ಎಕ್ಸ್‌ಚೇಂಜ್ ಬೋನಸ್ 20,000. ಭಾವ ಅದನ್ನು ಊರಲ್ಲೇ 1,68,000ಕ್ಕೆ ಮಾರಿದರು. ಅಲ್ಲಿ ಅವರ ಮುಖಾಮುಖಿ ಚೌಕಾಸಿ ನನ್ನ ವಾಟ್ಸ್‌ಆ್ಯಪ್ಪಿಗಿಂತ ಚೆನ್ನಾಗಿ ನಡೆಯಿತು.

ಈ ಬೋನಸ್ಸೇ ನನ್ನನ್ನು ಹೆಚ್ಚುಕಡಿಮೆ ಮೋಸಗೊಳಿಸಿದ್ದು. ಜುಲೈ ಮೂರನೆಯ ವಾರಕ್ಕೆ ಬೆಂಗಳೂರಿನ ಒಂದು ಶೋರೂಮಿನ ಕೊನೆಯ ಬೆಲೆ 10,91,000 ಎಂದು ಬಂತು. ಮೈಸೂರು 11,03,500. ಹಾಸನ 11,09,200. ನಾನು ಭಾವನಿಗೆ ‘ಬೆಂಗಳೂರಲ್ಲೇ ಮುಗಿಸೋಣ’ ಎಂದೂ ಹೇಳಿಯಾಗಿತ್ತು. ಮುಂಗಡ ಕಳುಹಿಸುವ ಮುನ್ನ, ಕೇಳಲೋ ಬೇಡವೋ ಎಂದುಕೊಂಡು, ಒಂದು ಸಾಲು ಬರೆದೆ: ‘ಈ ರಿಯಾಯಿತಿಯಲ್ಲಿ ಹಳೆಯ ಕಾರು ಕೊಡದವರಿಗೆ ಸಿಗದ ಭಾಗ ಎಷ್ಟು?’ ಅರ್ಧ ದಿನ ಉತ್ತರವಿಲ್ಲ. ಸಂಜೆ ಬಂದದ್ದು: ‘ಎಕ್ಸ್‌ಚೇಂಜ್ 20,000 ಸೇರಿದೆ ಸರ್, ಅದನ್ನು ನಾವು ಅಡ್ಜಸ್ಟ್ ಮಾಡಲು ಪ್ರಯತ್ನಿಸುತ್ತೇವೆ.’ ಹಳೆಯ ಕಾರನ್ನು ಕೊಡುವುದಿಲ್ಲ ಎಂದು ಮೊದಲೇ ತಿಳಿಸಿದ್ದೆ. ಅಂದರೆ ಅವರ ನಿಜವಾದ ಬೆಲೆ 11,11,000, ಎಲ್ಲರಿಗಿಂತ ಹೆಚ್ಚು. ಮುಂಗಡ ಕೊಟ್ಟ ಮೇಲೆ ಇದು ತಿಳಿದಿದ್ದರೆ ಆ ಹಣ ವಾಪಸ್ ಪಡೆಯಲು ಪಟ್ಟ ಪಾಡಿಗೆ ಇನ್ನೊಂದು ಲೇಖನ ಬರೆಯಬೇಕಾಗುತ್ತಿತ್ತು. ಷರತ್ತುಗಳನ್ನು ಬರೆಯಿರಿ ಎಂದು ಕೇಳಿದ್ದೇನೋ ನಿಜ. ಬರೆಯದಿದ್ದವರನ್ನು ಮತ್ತೆ ಕೇಳದೆ ಮೂರು ವಾರ ಸುಮ್ಮನಿದ್ದದ್ದು ನನ್ನ ತಪ್ಪು.

ಉಳಿದದ್ದು ಮೈಸೂರು ಮತ್ತು ಹಾಸನ, ನಡುವೆ 5,700ರ ಅಂತರ. ನಾನು ಮೈಸೂರು ಎಂದೆ. ಕಾನೂನಿನಂತೆ ರಾಜ್ಯದ ಯಾವ ಊರಿನಲ್ಲಿ ಕೊಂಡರೂ ಹಾಸನದ ಕೆಎ 13 ನಂಬರು ಸಿಗುವುದಕ್ಕೆ ಅಡ್ಡಿಯಿರಲಿಲ್ಲ. ಭಾವ ಒಪ್ಪಲಿಲ್ಲ. ‘ನಾಳೆ ಸರ್ವಿಸಿಗೆ ಹೋಗುವವನು ನಾನು. ಐದು ಸಾವಿರಕ್ಕೆ ಮೈಸೂರಿನಲ್ಲಿ ಕೊಂಡು, ಹಾಸನದವರ ಮುಂದೆ ಹೋಗಿ ನಿಂತು, ಕಾರಿನ ಸದ್ದು ನೋಡಿ ಎಂದು ಹೇಳಲು ನನ್ನಿಂದ ಆಗುವುದಿಲ್ಲ’ ಎಂದರು. ಕಂಪನಿಯ ಯಾವ ವರ್ಕ್‌ಶಾಪಾದರೂ ವಾರಂಟಿ ಕೆಲಸ ಮಾಡಿಕೊಡಬೇಕು ಎಂದು ನಾನು ವಾದಿಸಿದೆ. ‘ಮಾಡಿಕೊಡಬೇಕು ಸರಿ, ಹೇಗೆ ಮಾಡಿಕೊಡುತ್ತಾರೆ?’ ಎಂದು ಕೇಳಿದರು. ಹಣ ಅವರದು. ಹಾಸನವೇ ಆಯಿತು.

ಮೊದಲ 11,64,500ಕ್ಕೂ ಕೊನೆಯ 11,09,200ಕ್ಕೂ ವ್ಯತ್ಯಾಸ 55,300. ಇದರಲ್ಲಿ ರಿಯಾಯಿತಿ ಎಂಬ ಹೆಸರಿನಲ್ಲಿ ಸಿಕ್ಕಿದ್ದು 14,000 ಮಾತ್ರ, ಇಪ್ಪತ್ತು ಇದ್ದದ್ದು ಮೂವತ್ತನಾಲ್ಕಾಯಿತು. ಮಿಕ್ಕ 41,300 ಬಂದದ್ದು ಸಾಲುಗಳನ್ನು ಬಿಡಿಸಿದ್ದರಿಂದ: ವಿಮೆ 14,400, ಕಿಟ್ 14,900, ಹ್ಯಾಂಡ್ಲಿಂಗ್ 7,500, ನೋಂದಣಿ ಸೇವೆ 4,500. ಮ್ಯಾಟನ್ನು ಹಾಗೆಯೇ ಹಾಕಿಕೊಟ್ಟರು. ವಿಸ್ತರಿತ ವಾರಂಟಿಯ 11,800ನ್ನು ಮಾತ್ರ ನಾನು ಮುಟ್ಟಲಿಲ್ಲ. ಮೂಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಅದನ್ನು ಕೊಳ್ಳಬಹುದಿತ್ತು ಎಂಬುದು ಕಾರು ಬಂದ ಮೇಲೆ ಕೈಪಿಡಿ ಓದಿದಾಗ ತಿಳಿಯಿತು.

ಇನ್ನೊಂದು ತೊಡಕು ಪಂಚಾಂಗದ್ದು. ಆ ವರ್ಷ ಆಷಾಢ ಆಗಸ್ಟ್ 4ರವರೆಗೆ. ನಮ್ಮ ಕಡೆ ಆಷಾಢದಲ್ಲಿ ವಾಹನ ಕೊಳ್ಳುವವರು ಕಡಿಮೆಯಾದ್ದರಿಂದಲೇ ಶೋರೂಮುಗಳು ಮಾತಿಗೆ ಸಿಗುತ್ತವೆ. ಆದರೆ ಜುಲೈ ತಿಂಗಳ ಕೊಡುಗೆ ಜುಲೈ 31ಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಬಿಲ್ ಆಗಬೇಕು. ಭಾವನ ತಾಯಿಯನ್ನು ಕೇಳಿದಾಗ ಅವರು ಕ್ಷಣವೂ ಯೋಚಿಸದೆ ತೀರ್ಪು ಕೊಟ್ಟರು: ‘ದುಡ್ಡು ಕೊಡುವುದಕ್ಕೆ ಆಷಾಢವಿಲ್ಲ, ಗಾಡಿ ಮನೆಗೆ ಬರುವುದಕ್ಕೆ ಇದೆ.’ ಹೀಗಾಗಿ ಜುಲೈ 30ರಂದು ಬಿಲ್ಲು, ಆಗಸ್ಟ್ 5ರಂದು, ಶ್ರಾವಣದ ಮೊದಲ ಸೋಮವಾರ, ಡೆಲಿವರಿ. ನಡುವಿನ ಆರು ದಿನ ನಮ್ಮ ಹೆಸರಿನ ಕಾರು ಅವರ ಅಂಗಳದಲ್ಲಿ ನಿಲ್ಲುತ್ತದೆ. ಅಲ್ಲಿ ಗೀರಾದರೆ ಯಾರ ಹೊಣೆ? ಡೆಲಿವರಿಯವರೆಗೆ ತಮ್ಮದೇ ಹೊಣೆ, ವಾರಂಟಿ ಡೆಲಿವರಿಯ ದಿನದಿಂದ ಶುರು ಎಂದು ಎರಡು ಸಾಲು ಇ-ಮೇಲಿನಲ್ಲಿ ಬರೆಸಿಕೊಂಡೆ.

ಬಿಲ್ಲಿಗೆ ಮುನ್ನ ಭಾವ ಅಂಗಳಕ್ಕೆ ಹೋಗಿ ಕಾರು ನೋಡಿ ಬಂದರು. ನಾನು ಫೋನಿನಲ್ಲಿ ವಿಡಿಯೊ ಕರೆಯಲ್ಲಿದ್ದೆ. ಚಾಸಿ ಸಂಖ್ಯೆ ಕಾಗದದೊಂದಿಗೆ ತಾಳೆಯಾಯಿತು. ಟೈರಿನ ಮೇಲೆ 1824 ಎಂದಿತ್ತು, ಅಂದರೆ 2024ರ ಹದಿನೆಂಟನೆಯ ವಾರದಲ್ಲಿ ತಯಾರಾದದ್ದು. ಕಾರು ಮೇ ತಿಂಗಳದ್ದು ಎಂದು ಆ ಯುವತಿ ಬರೆದದ್ದಕ್ಕೆ ಅದು ಹೊಂದುತ್ತಿತ್ತು. ಹಿಂದಿನ ಬಂಪರಿನಲ್ಲಿ ಬೆರಳುದ್ದದ ಒಂದು ಗೀರು ಕಂಡಿತು. ಸೋಮವಾರದೊಳಗೆ ಸರಿಮಾಡಿದ್ದರು.

ಡೆಲಿವರಿಯ ದಿನ ನಾನೂ ಹೋಗಿದ್ದೆ. ಲೆಕ್ಕದ ಕಿಟಕಿಯಲ್ಲಿ ಕುಳಿತವರು ‘ಫೈಲ್ ಚಾರ್ಜು 1,200 ಬಾಕಿ ಇದೆ’ ಎಂದರು. ಭಾವ ಜೇಬಿಗೆ ಕೈ ಹಾಕಿಯೇಬಿಟ್ಟಿದ್ದರು. ಆ ಯುವತಿಯೇ ಮುಂದೆ ಬಂದು, ‘ಇವರದು ಬರೆದುಕೊಟ್ಟ ಬೆಲೆ ಸರ್, ಅದು ಇಲ್ಲ’ ಎಂದಳು. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ಪೂಜೆಯಾಯಿತು. ಫೋಟೊ ತೆಗೆದ ಮೇಲೆ ಅವಳು ಭಾವನ ಹತ್ತಿರ ಮೆಲ್ಲಗೆ ಕೇಳಿಕೊಂಡಳು: ‘ಕಂಪನಿಯಿಂದ ಫೋನ್ ಬರುತ್ತದೆ ಸರ್. ಹತ್ತಕ್ಕೆ ಹತ್ತು ಹೇಳಿ. ಒಂಬತ್ತು ಹೇಳಿದರೂ ನನಗೆ ಲೆಕ್ಕಕ್ಕೆ ಬರುವುದಿಲ್ಲ.’

ಗುರುವಾರ ಫೋನ್ ಬಂತು. ಶೋರೂಮು ಸ್ವಚ್ಛವಾಗಿತ್ತೇ, ಕಾರನ್ನು ಹೇಳಿದ ದಿನ ಕೊಟ್ಟರೇ, ಎಲ್ಲಕ್ಕೂ ಭಾವ ಹತ್ತು ಹೇಳುತ್ತಾ ಹೋದರು. ‘ಬೆಲೆಯ ವಿವರಗಳನ್ನು ಸ್ಪಷ್ಟವಾಗಿ ತಿಳಿಸಿದರೇ?’ ಎಂದಾಗ ಸ್ವಲ್ಪ ತಡೆದು, ‘ಕೇಳಿದ ಮೇಲೆ ತಿಳಿಸಿದರು’ ಎಂದರು.

‘ಅಂಕ ಹೇಳಿ ಸರ್’ ಎಂದಿತು ಆ ಕಡೆಯ ದನಿ.

‘ಹತ್ತು’ ಎಂದರು ಭಾವ.